ಎಮ್ಡನ್ ನೌಕೆಯೂ ಧರ್ಮರಾಜನ ತರ್ಪಣವೂ

ಕಾಸಿಮೇಡಿನ ಕಡಲತೀರಕ್ಕೆ ದಕ್ಷಿಣದಲ್ಲಿ ಮದರಾಸಿನ ಹಳೆಯ ಬಂದರಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ, ಮಹಾಲಯ ಕಳೆದು ನವರಾತ್ರಿ ಆಗತಾನೇ ಆರಂಭವಾಗಿದ್ದಾಗ, ಜರ್ಮನಿಯ ‘ಎಮ್ಡನ್’ ಯುದ್ಧನೌಕೆಯು ಅದರ ಮೇಲೆ ನೂರಕ್ಕೂ ಮಿಕ್ಕಿ ಗುಂಡುಗಳನ್ನು ಸುರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು, ಕೆಲವರು ಸತ್ತರು, ಸಾವಿರಾರು ಜನ ಊರನ್ನೇ ತೊರೆದರು. ಯೂರೋಪಿನ ಅರಸರ ಕಲಹಕ್ಕೂ ಇಲ್ಲಿನ ಮನೆಗಳಲ್ಲಿ ಕೂರಿಸಿದ್ದ ಬೊಂಬೆಗಳಿಗೂ ಏನು ಸಂಬಂಧ? ನವೆಂಬರ್ 9ರಂದು ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ನೌಕೆಯು ಎಮ್ಡನ್ನನ್ನು ಧ್ವಂಸಮಾಡಿತು. ನೂರಕ್ಕೂ ಹೆಚ್ಚು ನಾವಿಕರು ಮಡಿದರು. ಯುದ್ಧವಾದರೋ ಇನ್ನೂ ನಾಲ್ಕು ವರ್ಷ ನಡೆಯಿತು. ಮದರಾಸಿಗೆ ಉಳಿದದ್ದು, ಗಟ್ಟಿ ಆಸಾಮಿಯನ್ನು ‘ಎಮ್ಡನ್’ ಎನ್ನುವ ತಮಿಳು ನುಡಿ.

ವಿಜಯದಶಮಿಯಂದು ಬನ್ನಿಮರದಿಂದ ಪಾಂಡವರು ಆಯುಧಗಳನ್ನು ಇಳಿಸಿದ್ದನ್ನು ಸ್ಮರಿಸುತ್ತೇವೆ. ಆ ಆಯುಧಗಳು ಎಲ್ಲಿಗೆ ಒಯ್ದವೆಂಬುದನ್ನು ಸ್ತ್ರೀಪರ್ವ ಹೇಳುತ್ತದೆ; ಹಬ್ಬದ ದಿನ ಅದನ್ನು ಓದುವವರು ವಿರಳ. ಗೆದ್ದ ಧರ್ಮರಾಜನು ಗಂಗೆಗಿಳಿದದ್ದು ಸತ್ತವರ ತರ್ಪಣಕ್ಕಾಗಿ. ತನ್ನವರಿಗೂ ಕೌರವರಿಗೂ ಅಲ್ಲಿ ಒಂದೇ ನೀರು. ಆಗ ಕುಂತಿಯು ಅಳುತ್ತ, ಕರ್ಣನಿಗೂ ನೀರು ಬಿಡು, ಅವನು ನಿನ್ನ ಅಣ್ಣನೆನ್ನುತ್ತಾಳೆ. ಮೊದಲೇ ತಿಳಿದಿದ್ದರೆ ಈ ಸಂಹಾರವೇ ನಡೆಯುತ್ತಿರಲಿಲ್ಲವೆಂದು ಹಲುಬುತ್ತ ಧರ್ಮರಾಜನು ಅಣ್ಣನಿಗೆ ನೀರು ಬಿಡುತ್ತಾನೆ.