ಬಣ್ಣ ಬದಲಾಯಿಸುವ ಗಾಜೂ ಹುಣಿಸೇಬೀಜದ ಅಂಟೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ ಬೇಸಗೆಯ ತಾಪವು 40 ಡಿಗ್ರಿಗಳನ್ನು ಮೀರುವುದುಂಟು. ದಪ್ಪನೆಯ ಕಲ್ಲುಗೋಡೆಗಳೂ ಸಣ್ಣ ಕಿಟಕಿಗಳೂ ಉಳ್ಳ ಹಳೆಯ ಮನೆಗಳಲ್ಲಿ ತಂಪು ನಿಲ್ಲುತ್ತದೆ. ದೊಡ್ಡ ಗಾಜುಗಳನ್ನು ಕೂಡಿಸಿದ ಹೊಸ ಕಟ್ಟಡಗಳಲ್ಲಿ ನಿಲ್ಲುವುದಿಲ್ಲ. ಈ ತೊಂದರೆಗೆ ಪರಿಹಾರವಾಗಿ, ವಿದ್ಯುತ್ತನ್ನು ಹಾಯಿಸಿದೊಡನೆ ನೀಲಿಯಾಗಿ ಬಿಸಿಲನ್ನು ತಡೆಯುವ ಗಾಜೊಂದು ಬಳಕೆಗೆ ಬಂದಿದೆ. ಗಾಜಿನ ಮಾತು ಬೇಸಾಯದ ಪತ್ರಿಕೆಗೆ ಹೊರಗಿನದೆಂದು ತೋರಬಹುದು. ಆದರೆ ಅದರ ಒಳಗಿನ ಒಂದು ಪದಾರ್ಥವನ್ನು ಹೊಲದ ಬದುವಿನ ಮರದಿಂದಲೂ ಪಡೆಯುವ ಸಾಧ್ಯತೆ ಇದೆ.

ಇಂಥ ಗಾಜು ಒಂದಲ್ಲ, ಎರಡು ಹಾಳೆಗಳು. ಎರಡರ ಒಳಮೈಗೂ ವಿದ್ಯುತ್ತನ್ನು ಒಯ್ಯುವ ಪಾರದರ್ಶಕ ಲೇಪವಿರುತ್ತದೆ. ಒಂದರ ಮೇಲೆ ಟಂಗ್ಸ್ಟನ್ ಆಕ್ಸೈಡಿನ ತೆಳುವಾದ ಪೊರೆ. ನಡುವೆ ಲವಣವನ್ನು ಕರಗಿಸಿಕೊಂಡ ಲೋಳೆ. ಇದಕ್ಕೆ ವಿದ್ಯುದ್ವಿಭಾಜ್ಯವೆಂದು ಹೆಸರು. ಕೆಲವೇ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟಾಗ ಲೋಳೆಯಲ್ಲಿರುವ ಲಿಥಿಯಂ ಮೊದಲಾದ ಅಯಾನುಗಳು ಪೊರೆಯನ್ನು ಹೊಗುತ್ತವೆ, ಪೊರೆ ನೀಲಿಯಾಗುತ್ತದೆ. ವಿದ್ಯುತ್ತನ್ನು ತಿರುಗಿಸಿದರೆ ಅವು ಹೊರಬಂದು ಗಾಜು ತಿಳಿಯಾಗುತ್ತದೆ. ಟಂಗ್ಸ್ಟನ್ ಆಕ್ಸೈಡಿನ ಈ ಗುಣವನ್ನು 1969ರಲ್ಲಿ ಪ್ರಕಟಿಸಿದವರು ಭಾರತದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಕೆಲಸ ಮಾಡಿದ ಸತ್ಯೇನ್ ದೇಬ್ ಎಂಬ ವಿಜ್ಞಾನಿಗಳು.

ನಡುವೆ ಬರಿಯ ದ್ರವವನ್ನು ತುಂಬಿದರೆ ಅದು ಸೋರುವ ಭಯವಿರುವುದರಿಂದ ಲೋಳೆ ಬೇಕಾಯಿತು. ಜೋಳದ ಗಂಜಿ ಆರಿದ ಮೇಲೆ ಹೆಪ್ಪುಗಟ್ಟಿ ಹರಿಯದಂತಾಗುವುದನ್ನು ಎಲ್ಲರೂ ಬಲ್ಲರು. ಆದರೂ ಅದರೊಳಗೆ ನೀರಿರುತ್ತದೆ, ಉಪ್ಪಿನ ಕಣಗಳು ಅದರಲ್ಲಿ ಚಲಿಸಬಲ್ಲವು. ಬೇಕಾದದ್ದು ಇದೇ ಗುಣ. ಬ್ರೆಜಿಲ್ ದೇಶದ ಸಾವೊ ಕಾರ್ಲೋಸ್ ನಗರದಲ್ಲಿ ಅಗ್ನಿಯೆಷ್ಕಾ ಪಾವ್ಲಿಚ್ಕಾ ಎಂಬ ವಿದುಷಿಯೂ ಅವರ ಸಂಗಡಿಗರೂ ಪಿಷ್ಟ, ಅಗರ್, ಜೆಲಾಟಿನ್, ಪೆಕ್ಟಿನ್ ಇವುಗಳಿಂದ ಇಂಥ ಲೋಳೆಗಳನ್ನು ಮಾಡಿ ಪರೀಕ್ಷಿಸಿದ್ದಾರೆ. ಬೇಗ ಒಣಗದಿರಲೆಂದೂ ಮೆದುವಾಗಿರಲೆಂದೂ ಗ್ಲಿಸರಿನ್ನನ್ನು ಸೇರಿಸುವುದು ವಾಡಿಕೆ. ಈ ಪ್ರಾಂತದ ಬಿಸಿಲಿನಲ್ಲಿ ಲೋಳೆಯು ವರ್ಷಗಟ್ಟಲೆ ಒಣಗದೆ, ಬೂಷ್ಟು ಹಿಡಿಯದೆ ಬಾಳಬೇಕೆಂಬುದೇ ಕಠಿಣವಾದ ಪರೀಕ್ಷೆ.

ಇನ್ನು ಹುಣಿಸೆ. ಹಣ್ಣಿನ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೀಜ. ಸಿಪ್ಪೆ ತೆಗೆದ ಬೇಳೆಯಲ್ಲಿ ಅರ್ಧಕ್ಕೂ ಮಿಕ್ಕಿ ಅಂಟುಪದಾರ್ಥವಿದೆ. ಕುರುಬರು ಕಂಬಳಿಗೆ ಹುಣಿಸೇಬೀಜದ ಗಂಜಿ ಹಾಕುವುದೂ, ಗಿರಣಿಗಳವರು ನೂಲಿಗೆ ಅದರ ಹಿಟ್ಟನ್ನು ಬಳಸುವುದೂ ಈ ಅಂಟಿನ ಬಲದಿಂದಲೇ. ತಮಿಳುನಾಡಿನ ಸಂಶೋಧಕರು ಇದಕ್ಕೆ ಲಿಥಿಯಂ ಲವಣವನ್ನು ಕೂಡಿಸಿ, ಬ್ಯಾಟರಿಗೆ ಒದಗುವ ವಿದ್ಯುದ್ವಿಭಾಜ್ಯದ ಪೊರೆಯನ್ನು ಸಿದ್ಧಪಡಿಸಿದ್ದಾರೆ. ಬ್ಯಾಟರಿಯಲ್ಲಿಯೂ ಗಾಜಿನಲ್ಲಿಯೂ ಅದರ ಕೆಲಸ ಒಂದೇ, ಅಯಾನುಗಳಿಗೆ ದಾರಿ ಕೊಡುವುದು. ಗಾಜಿಗೆ ಮಾತ್ರ ಅದು ತಿಳಿಯಾಗಿಯೂ ಇರತಕ್ಕದ್ದು.

ಹೀಗೆಂದು ಕೇಳಿದ ಜಮೀನುದಾರರು ಬೀಜದ ಬೆಲೆ ಏರೀತೆಂದು ಕೂಡಿಡುವುದಾಗಲಿ, ಇದೊಂದನ್ನೇ ನಂಬಿ ತೊಗರಿಯ ಹೊಲದಲ್ಲಿ ಹುಣಿಸೆಯನ್ನು ನೆಡುವುದಾಗಲಿ ಯುಕ್ತವಲ್ಲ. ಲೆಕ್ಕ ಸುಲಭವಾಗಿದೆ. ಒಂದು ಚದರ ಮೀಟರು ಗಾಜಿಗೆ ಲೋಳೆಯು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪವಾದರೆ ಬೇಕಾಗುವುದು ಸುಮಾರು 100 ಗ್ರಾಂ. ಅದರಲ್ಲಿ ಹತ್ತರಲ್ಲೊಂದು ಪಾಲು ಅಂಟೆಂದು ಹಿಡಿದರೆ 10 ಗ್ರಾಂ. ಒಂದು ಕಿಲೋ ಬೀಜದಿಂದ 300 ಗ್ರಾಂ ಅಂಟು ದೊರೆತರೂ 30 ಚದರ ಮೀಟರುಗಳಿಗೆ ಸಾಕು! ಊರಿನ ಕೆಲವು ಮರಗಳ ಬೀಜವೇ ಬಹಳಷ್ಟು ಗಾಜಿಗೆ ಒದಗೀತು. ಇಂಥ ಗಾಜಿನ ಆಸೆ ತೋರಿಸಿ ಸಸಿಗಳಿಗೂ ಕರಾರುಪತ್ರಗಳಿಗೂ ಮುಂಗಡ ಹಣ ಕೇಳುವವರು ಬಂದರೆ ಊರಿನ ಹಿರಿಯರು ಈ ಲೆಕ್ಕವನ್ನೇ ಅವರ ಮುಂದಿಡಬಹುದು.

ಬೀಜಕ್ಕೆ ನಿಜವಾದ ಗಿರಾಕಿಗಳು ಈಗಲೂ ಹಿಟ್ಟಿನ ಗಿರಣಿಗಳೇ. ಹಣ್ಣು ಬಿಡಿಸಿದ ಮೇಲೆ ಬೀಜವನ್ನು ತೊಳೆದು, ಚೆನ್ನಾಗಿ ಒಣಗಿಸಿ, ಹುಳು ಕೊರೆದವನ್ನು ಆರಿಸಿ ತೆಗೆದು, ತೇವ ತಾಗದ ಎಡೆಯಲ್ಲಿ ಚೀಲಕಟ್ಟಿ ಇಡತಕ್ಕದ್ದು.