ಆ ಫೋನಿಗೆ ಕಿವಿಯೂ ಇದೆ, ಕಣ್ಣೂ ಇದೆ

ನೋಡಮ್ಮ, ಪ್ರೌಢಶಾಲೆಯ ವಿಜ್ಞಾನದ ಟೀಚರಾಗಿ ಸೇರಿದ ಮೊದಲ ತಿಂಗಳಲ್ಲೇ ನಿನಗೆ ಈ ಇಕ್ಕಟ್ಟು ಬಂದದ್ದು ಒಳ್ಳೆಯದೇ ಆಯಿತು. ತರಗತಿಗೆ ಮೊಬೈಲ್ ತರಲೇಬೇಡಿ ಅನ್ನುತ್ತಾರೆ ಹೆಡ್‌ಮಾಸ್ಟರು. ತರಬೇತಿಗೆ ಹೋದರೆ, ಮೊಬೈಲ್ ಇಲ್ಲದ ಪಾಠ ಪಾಠವೇ ಅಲ್ಲ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ ಮೇಷ್ಟ್ರೇ ಅಂತ ನಿನ್ನ ಪ್ರಶ್ನೆ. ಇಬ್ಬರ ಮಾತನ್ನೂ ಕೇಳು. ಆದರೆ ಮೊದಲು ಹೆಡ್‌ಮಾಸ್ಟರ ಮಾತನ್ನು ಕೇಳು, ಅವರ ಭಯಕ್ಕೆ ಕಾರಣವಿದೆ.

ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಯುನೆಸ್ಕೋ 2023ರಲ್ಲಿ ಒಂದು ದೊಡ್ಡ ವರದಿ ತಂದಿತು. ಫೋನಿನಿಂದ ಒಮ್ಮೆ ಗಮನ ಚದುರಿದ ವಿದ್ಯಾರ್ಥಿ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಅದರಲ್ಲಿದೆ. ನಮ್ಮ ಪಿರಿಯಡ್ಡೇ 40 ನಿಮಿಷ. ಫ್ರಾನ್ಸ್ ದೇಶ 2018ರಲ್ಲೇ ಕಾನೂನು ಮಾಡಿ ಶಾಲೆಯೊಳಗೆ ಮಕ್ಕಳ ಫೋನ್ ನಿಷೇಧಿಸಿತು. ನಮ್ಮ ದೇಶದ ಹಳ್ಳಿಗಳ ಚಿತ್ರ ಬೇಕಿದ್ದರೆ ಮಕ್ಕಳ ಕಲಿಕೆಯ ಬಗೆಗಿನ 2024ರ ಅಸರ್ ಸಮೀಕ್ಷೆ ನೋಡು. 14ರಿಂದ 16 ವಯಸ್ಸಿನ ನೂರು ಮಕ್ಕಳಲ್ಲಿ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ಹಿಂದಿನ ವಾರ ಓದಿಗಾಗಿ ಅದನ್ನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಆದ್ದರಿಂದ ಮಕ್ಕಳೆಲ್ಲ ತಂತಮ್ಮ ಫೋನ್ ಹಿಡಿದು ಕೂರುವ ತರಗತಿಯ ಯೋಚನೆಯನ್ನೇ ಬಿಟ್ಟುಬಿಡು. ನಾನು ಹೇಳುವುದೆಲ್ಲ ಒಂದೇ ಫೋನಿನ ವಿಷಯ. ಅದು ನಿನ್ನದು, ನಿನ್ನ ಮೇಜಿನ ಮೇಲೆ ಇರುವಂಥದ್ದು.

ಒಂದು ಫೋನ್, ನಲವತ್ತು ಮಕ್ಕಳು. ಇಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸ ವಿಡಿಯೋ ತೋರಿಸುವುದು. ಸರ್ಕಾರದ ದೀಕ್ಷಾ ಎಂಬ ಆನ್‌ಲೈನ್ ಪಾಠಗಳ ವೇದಿಕೆ 2017ರಲ್ಲಿ ಬಂದ ಮೇಲೆ ಪಠ್ಯಪುಸ್ತಕದಲ್ಲೇ ಕ್ಯುಆರ್ ಕೋಡ್ ಇದೆ, ಫೋನ್ ಹಿಡಿದರೆ ಪಾಠದ ವಿಡಿಯೋ ತೆರೆಯುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೃದಯದ ಕವಾಟ ತೆರೆದು ಮುಚ್ಚುವುದನ್ನು, ಜ್ವಾಲಾಮುಖಿ ಉಕ್ಕುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಲಾಗದು. ಅಂಥದ್ದಕ್ಕೆ ವಿಡಿಯೋ ಬೇಕು. ಹಿಂದಿನ ರಾತ್ರಿಯೇ ಮನೆಯಲ್ಲಿ ಇಳಿಸಿಕೊಂಡು ಹೋಗು, ಶಾಲೆಯ ನೆಟ್‌ವರ್ಕ್ ನಂಬಬೇಡ. ಸ್ಮಾರ್ಟ್ ಕ್ಲಾಸಿನ ಟಿವಿ ಇದ್ದರೆ ಅದಕ್ಕೆ ಹಾಕು. ಇಲ್ಲದಿದ್ದರೆ ಅಂಗೈಯಗಲದ ಪರದೆಯನ್ನು ಎತ್ತಿ ಹಿಡಿದು ನಿಲ್ಲಬೇಡ, ಹಿಂದಿನ ಬೆಂಚಿನವರಿಗೆ ನಿನ್ನ ಕೈಯೊಂದೇ ಕಾಣುತ್ತದೆ. ಇನ್ನೊಂದು ಮಾತು, ಫಲಿತಾಂಶ ಬರುವ ಮೊದಲೇ ವಿಡಿಯೋ ನಿಲ್ಲಿಸಿ ‘ಈಗ ಏನಾಗುತ್ತೆ?’ ಎಂದು ಕೇಳು. ಮಕ್ಕಳು ಬಾಯಿ ಬಿಟ್ಟು ಹೇಳಿದ ಮೇಲೆ ಮುಂದಿನದನ್ನು ತೋರಿಸು.

ಇಷ್ಟು ಸಾಕು ವಿಡಿಯೋ ಬಗ್ಗೆ. ನಾನು ನಿನಗೆ ಹೇಳಬೇಕೆಂದಿರುವುದು ಬೇರೆ. ನಾವು ಆ ಫೋನಿನ ಪರದೆಯನ್ನು ನೋಡುವುದೇ ರೂಢಿ. ಆದರೆ ಅದಕ್ಕೊಂದು ಮೈಕ್ ಇದೆ, ಕ್ಯಾಮೆರಾ ಇದೆ. ಚಲನೆಯನ್ನೂ ಬೆಳಕನ್ನೂ ಅಳೆಯುವ ಸೆನ್ಸರುಗಳು ಸಾಮಾನ್ಯವಾಗಿ ಇರುತ್ತವೆ, ಹಲವು ಫೋನುಗಳಲ್ಲಿ ಕಾಂತಕ್ಷೇತ್ರವನ್ನು ಅಳೆಯುವುದೂ ಇರುತ್ತದೆ. ಪ್ರಯೋಗಾಲಯದ ಬೀರುವಿನಲ್ಲಿ ಒಡೆದ ಬೀಕರು, ತುಕ್ಕು ಹಿಡಿದ ಸ್ಪ್ರಿಂಗ್ ತ್ರಾಸು ಬಿಟ್ಟರೆ ಏನೂ ಉಳಿಯದ ಶಾಲೆಗಳಿವೆಯಲ್ಲ, ಅಲ್ಲಿಯ ಟೀಚರ ಬ್ಯಾಗಿನಲ್ಲೇ ಅಳತೆಯ ಸಾಧನವೊಂದು ದಿನಾ ಬಂದು ಹೋಗುತ್ತಿದೆ.

ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುತ್ತೀಯಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಮಕ್ಕಳು ಇದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮುಗಿಯಿತು. ಆ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವ ಮಗು ಅಪರೂಪ. ನೀನು ಅದನ್ನು ಶಾಲೆಯ ಜಗಲಿಯಲ್ಲೇ ಅಳೆದು ತೋರಿಸಬಹುದು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಆ್ಯಪ್ ಇದೆ. ಉಚಿತ, ಜಾಹೀರಾತಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ. ಅದರಲ್ಲಿ ಸದ್ದು ಕೇಳಿದಾಗ ಶುರುವಾಗಿ, ಮತ್ತೊಂದು ಸದ್ದು ಕೇಳಿದಾಗ ನಿಲ್ಲುವ ಗಡಿಯಾರವಿದೆ.

ಈ ಒಂದು ಪ್ರಯೋಗಕ್ಕೆ ಮಾತ್ರ ಸಹೋದ್ಯೋಗಿಯ ಫೋನೂ ಸೇರಿ ಎರಡು ಫೋನ್ ಬೇಕು. ಟೇಪು ಹಿಡಿದು ಸರಿಯಾಗಿ 5 ಮೀಟರ್ ಅಂತರದಲ್ಲಿ ಎರಡನ್ನೂ ಇಡು. ಒಂದೊಂದರ ಪಕ್ಕ ಒಬ್ಬೊಬ್ಬರು ನಿಲ್ಲಲಿ. ಮೊದಲನೆಯವಳು ಜೋರಾಗಿ ಒಂದು ಚಪ್ಪಾಳೆ ತಟ್ಟಲಿ. ಅವಳ ಫೋನ್ ತಕ್ಷಣ ಎಣಿಸಲು ಶುರುಮಾಡುತ್ತದೆ, ಆಚೆಯದು ಸದ್ದು ಅಲ್ಲಿಗೆ ತಲುಪಿದ ಮೇಲೆ. ಆಮೇಲೆ ಎರಡನೆಯವನು ತಟ್ಟಲಿ. ಈಗ ಅವನ ಫೋನ್ ತಕ್ಷಣ ನಿಲ್ಲುತ್ತದೆ, ಅವಳದು ಸದ್ದು ವಾಪಸು ಬಂದ ಮೇಲೆ ನಿಲ್ಲುತ್ತದೆ. ಎರಡು ಫೋನುಗಳ ಸಮಯದ ವ್ಯತ್ಯಾಸವೇ ಸದ್ದು ಹೋಗಿ ಬರುವ 10 ಮೀಟರಿಗೆ ತೆಗೆದುಕೊಂಡ ಕಾಲ. ಅದು ಸೆಕೆಂಡಿನ ಸಾವಿರ ಭಾಗಗಳಲ್ಲಿ 29ರ ಆಸುಪಾಸು ಬರಬೇಕು. ಹತ್ತನ್ನು 0.029ರಿಂದ ಭಾಗಿಸಲು ಹೇಳು, 345 ಬರುತ್ತದೆ.

ಮೊದಲ ಸಲಕ್ಕೇ ಹಾಗೆ ಬರುತ್ತದೆಂದು ನಂಬಬೇಡ. 0.030 ಬಂದರೆ ವೇಗ 333 ಆಗುತ್ತದೆ, 0.028 ಬಂದರೆ 357. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಹೆಚ್ಚುಕಮ್ಮಿಗೆ ಉತ್ತರ ಇಷ್ಟು ಅಲುಗಾಡುತ್ತದಲ್ಲ, ನಿಜವಾದ ಪಾಠ ಶುರುವಾಗುವುದು ಅಲ್ಲಿ. ಯಾಕೆ ಹೀಗಾಯಿತು? ಚಪ್ಪಾಳೆ ಫೋನಿನಿಂದ ದೂರ ತಟ್ಟಿದೆವಾ? ಹತ್ತು ಸಲ ಮಾಡಿ ಸರಾಸರಿ ತೆಗೆದರೆ? ಜಗಲಿ ಬಿಟ್ಟು ಮೈದಾನಕ್ಕೆ ಹೋಗಿ ಅಂತರ ಹೆಚ್ಚಿಸಿದರೆ? ಈ ಪ್ರಶ್ನೆಗಳನ್ನು ಮಕ್ಕಳೇ ಎತ್ತುವವರೆಗೆ ನೀನು ಬಾಯಿ ಬಿಡಬೇಡ. ಅಳತೆಯಲ್ಲಿ ತಪ್ಪು ಇದ್ದೇ ಇರುತ್ತದೆ, ಅದನ್ನು ಹಿಡಿಯುವುದೇ ವಿಜ್ಞಾನ ಎಂದು ನಾನು ಎಷ್ಟು ಭಾಷಣ ಮಾಡಿದರೂ ನಾಟದ್ದು ಇಲ್ಲಿ ತಾನಾಗಿ ನಾಟುತ್ತದೆ. ಆ್ಯಪಿನಲ್ಲಿ ಎಷ್ಟು ಜೋರು ಸದ್ದಿಗೆ ಗಡಿಯಾರ ಎಚ್ಚರವಾಗಬೇಕು ಎಂಬುದನ್ನು ಮೊದಲೇ ಹೊಂದಿಸಿಕೊ. ಪ್ರತಿಧ್ವನಿಗೆ ತಕ್ಷಣ ನಿಂತುಬಿಡದಂತೆ ಒಂದು ಸಣ್ಣ ವಿಳಂಬವನ್ನೂ ಕೊಡು. ಯಾರಾದರೂ ಕೆಮ್ಮಿದರೂ ಪ್ರಯೋಗ ಕೆಡುತ್ತದೆ, ಹಾಗಾಗಿ ನಲವತ್ತು ಮಕ್ಕಳೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಂಥ ನಿಶ್ಶಬ್ದ ಬೆತ್ತಕ್ಕೆ ಸಿಗುವುದಿಲ್ಲಮ್ಮ.

ಹತ್ತನೇ ತರಗತಿಯ ವಿದ್ಯುತ್ಕಾಂತಕ್ಕೂ ಇದೇ ಆ್ಯಪ್ ಒದಗುತ್ತದೆ. ಮೊಳೆಗೆ ತಂತಿ ಸುತ್ತಿ, ಸೆಲ್ ಜೋಡಿಸಿ ಫೋನಿನ ಹತ್ತಿರ ತಂದರೆ ಕಾಂತಕ್ಷೇತ್ರದ ಅಂಕಿ ಏರುತ್ತದೆ, ಸುತ್ತು ಹೆಚ್ಚಿಸಿದರೆ ಇನ್ನೂ ಏರುತ್ತದೆ. ನಿನ್ನ ಫೋನಿನಲ್ಲಿ ಆ ಸೆನ್ಸರ್ ಇದೆಯೇ ಎಂದು ಮೊದಲು ನೋಡಿಕೊ. ಸ್ಪೀಕರಿನಿಂದ ಕಿತ್ತ ದೊಡ್ಡ ಅಯಸ್ಕಾಂತವನ್ನು ಮಾತ್ರ ಹತ್ತಿರಕ್ಕೆ ಬಿಡಬೇಡ.

ಇನ್ನು ಫೋನಿನ ಕಣ್ಣಿನ, ಅಂದರೆ ಕ್ಯಾಮೆರಾದ ವಿಷಯ. ಸೂಕ್ಷ್ಮದರ್ಶಕದ ಪಿರಿಯಡ್ಡಿನಲ್ಲಿ ಏನಾಗುತ್ತದೆ ಹೇಳು? ಒಂದೊಂದೇ ಮಗು ಬಂದು ಬಗ್ಗಿ ನೋಡುತ್ತದೆ, ‘ಕಾಣಿಸ್ತಾ?’ ಅಂದರೆ ‘ಹ್ಞೂಂ ಮಿಸ್’ ಅನ್ನುತ್ತದೆ. ಅದು ಕಂಡದ್ದು ಈರುಳ್ಳಿ ಸಿಪ್ಪೆಯ ಜೀವಕೋಶವೋ, ಗಾಳಿಗುಳ್ಳೆಯೋ, ತನ್ನದೇ ರೆಪ್ಪೆಯ ಕೂದಲೋ ನಿನಗೆ ಗೊತ್ತಾಗುವ ದಾರಿಯೇ ಇಲ್ಲ. ಫೋನಿನ ಕ್ಯಾಮೆರಾವನ್ನು ಸೂಕ್ಷ್ಮದರ್ಶಕದ ಕಣ್ಣಿಗೆ ಹಿಡಿದರೆ ಐದಾರು ಮಕ್ಕಳು ಒಟ್ಟಿಗೆ ನೋಡುತ್ತಾರೆ, ಬೆರಳಿಟ್ಟು ತೋರಿಸಿ ಜಗಳವಾಡುತ್ತಾರೆ, ನೀನೂ ಅವರು ಕಂಡದ್ದನ್ನೇ ಕಾಣುತ್ತೀ. ಸೂಕ್ಷ್ಮದರ್ಶಕವೇ ಇಲ್ಲದಿದ್ದರೆ ಫೋಲ್ಡ್‌ಸ್ಕೋಪ್ ತರಿಸು. ಸ್ಟ್ಯಾನ್‌ಫರ್ಡಿನಲ್ಲಿರುವ ಭಾರತ ಮೂಲದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ತೋರಿಸಿದ ಕಾಗದದ ಸೂಕ್ಷ್ಮದರ್ಶಕ ಅದು. 140 ಪಟ್ಟು ಹಿಗ್ಗಿಸುತ್ತದೆ, ಫೋನಿನ ಕ್ಯಾಮೆರಾಕ್ಕೂ ಅಂಟುತ್ತದೆ. ಅದೂ ಸಿಗದಿದ್ದರೆ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮುಂದಿನ ಕ್ಯಾಮೆರಾದ ಮೇಲೆ ಒಂದು ಚಿಕ್ಕ ನೀರಹನಿ ಬಿಡು. ಮೇಲೆ ಎಲೆ ಹಿಡಿದರೆ ನರಗಳ ಜಾಲ ಕಾಣುತ್ತದೆ. ಹನಿ ಯಾಕೆ ಹಿಗ್ಗಿಸಿತು ಎಂದು ಕೇಳಿದರೆ ಪೀನ ಮಸೂರದ ಪಾಠವೂ ಅಲ್ಲೇ ಆಯಿತು.

ನಿಮ್ಮ ಕನ್ನಡ ಟೀಚರಿಗೂ ಒಂದು ಮಾತು ತಲುಪಿಸು. ತಡವರಿಸಿ ಓದುವ ಮಗುವಿನ ಒಂದು ಪುಟದ ಓದನ್ನು ಜೂನ್‌ನಲ್ಲಿ ರೆಕಾರ್ಡ್ ಮಾಡಿಡಲಿ, ದೀಪಾವಳಿ ಕಳೆದ ಮೇಲೆ ಅದೇ ಪುಟವನ್ನು ಮತ್ತೆ ಓದಿಸಿ ರೆಕಾರ್ಡ್ ಮಾಡಲಿ. ಎರಡನ್ನೂ ಆ ಮಗುವಿಗೆ ಮಾತ್ರ ಕೇಳಿಸಲಿ, ತರಗತಿಯ ಮುಂದೆ ಬೇಡ. ತಾನು ಮುಂದೆ ಬಂದದ್ದನ್ನು ಮಗು ತನ್ನ ಕಿವಿಯಿಂದಲೇ ತಿಳಿಯುತ್ತದೆ, ಅದು ಅಂಕಪಟ್ಟಿಗಿಂತ ಹೆಚ್ಚು.

ಈಗ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೋಮ್‌ವರ್ಕನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸ ನಿನಗೆ ಬೇಡ. ಮನೆಯಲ್ಲಿರುವ ಒಂದೇ ಫೋನ್ ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೋ ಆಟೋ ಓಡಿಸಲಿಕ್ಕೋ ಹೋಗಿರುತ್ತದೆ. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ, ಆಮೇಲೆ ಉಳಿದರೆ ಹುಡುಗಿಗೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಆಗ ನಮ್ಮ ಮೇಷ್ಟ್ರುಗಳು ವಿದ್ಯಾಗಮ ಎಂಬ ಯೋಜನೆಯ ಹೆಸರಿನಲ್ಲಿ ಗುಡಿಯ ಅಂಗಳಕ್ಕೂ ಮರದ ನೆರಳಿಗೂ ತಾವೇ ಹೋಗಬೇಕಾಯಿತು, ಫೋನ್ ಎಲ್ಲ ಮಕ್ಕಳನ್ನೂ ತಲುಪಲಿಲ್ಲ ಎಂಬ ಕಾರಣಕ್ಕೇ. ಯಾವ ಕಲಿಕೆಗೆ ಫೋನ್ ಬೇಕೋ ಅದು ಶಾಲೆಯ ಗೋಡೆಯೊಳಗೆ, ಎಲ್ಲರ ಕಣ್ಣೆದುರು ಮುಗಿಯಬೇಕು. ಹಾಗೆಯೇ ಮಕ್ಕಳ ಫೋಟೋ ತೆಗೆದು ನಿನ್ನ ಸ್ಟೇಟಸ್ಸಿಗೆ ಹಾಕಬೇಡ. ಹದಿನೆಂಟು ತುಂಬದವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಮಾಹಿತಿ ರಕ್ಷಣೆಯ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ಆ ಮಗುವಿನ ಮುಖ, ನಿನ್ನದಲ್ಲ.

ತರಗತಿಯ ಬಾಗಿಲಲ್ಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕು. ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆಯ ಎಸ್‌ಎಟಿಎಸ್ ಮಾಹಿತಿ, ಕ್ಲಸ್ಟರಿನ ಸಿಆರ್‌ಪಿಯವರ ‘ಅರ್ಜೆಂಟ್’ ಸಂದೇಶ ಎಲ್ಲವೂ ಅದೇ ಫೋನಿಗೆ ಬರುತ್ತವೆ, ಗೊತ್ತು. ಅವು ನಲವತ್ತು ನಿಮಿಷ ಕಾಯಲಿ. ಪ್ರಯೋಗದ ನಡುವೆ ನೀನೊಮ್ಮೆ ಸಂದೇಶ ನೋಡಿದರೆ ಮಕ್ಕಳ ಮುಂದೆ ನಿನ್ನ ನಿಯಮಕ್ಕೆ ಬೆಲೆ ಇರುವುದಿಲ್ಲ. ಕೆಲಸ ಮುಗಿದ ಕೂಡಲೇ ಫೋನ್ ಬ್ಯಾಗಿಗೆ ಹೋಗಲಿ. ಪ್ರಯೋಗ ಮಾಡುವಾಗ ಫೋನನ್ನು ಮಕ್ಕಳ ಕೈಗೇ ಕೊಡು, ಹುಡುಗಿಯರಿಗೆ ಮೊದಲು. ಮನೆಯಲ್ಲಿ ಅವರ ಸರದಿ ಕೊನೆಗೆ ಬರುವುದರಿಂದ ಶಾಲೆಯಲ್ಲಿ ಮೊದಲು ಬರುವುದು ನ್ಯಾಯ.

ಹೆಡ್‌ಮಾಸ್ಟರ ಜೊತೆ ವಾದಕ್ಕೆ ಇಳಿಯಬೇಡ. ಶಬ್ದದ ಪಾಠ ಬರುವ ಮೊದಲು ಮನೆಯಲ್ಲಿ ಎರಡು ಫೋನ್ ಇಟ್ಟು ಚೆನ್ನಾಗಿ ಅಭ್ಯಾಸ ಮಾಡಿಕೊ. ಪ್ರಯೋಗದ ದಿನ ಅವರಿಂದ ಒಪ್ಪಿಗೆ ಪಡೆದು, ಜಗಲಿಗೆ ಅವರನ್ನೇ ಕರೆದು, ಎರಡನೇ ಫೋನಿನ ಪಕ್ಕ ನಿಂತು ಚಪ್ಪಾಳೆ ತಟ್ಟಲು ಕೇಳಿಕೊ. ಬಂದ ಅಂಕಿಗಳನ್ನು ನನಗೂ ಬರೆದು ಕಳಿಸು.