ಇಂಜಿನ್ನಿನ ಬಲ, ಗಾಲಿಯ ಬಲ

ಕಾರಿನ ಕೈಪಿಡಿಯಲ್ಲಿ ಮುದ್ರಿತವಾಗಿರುವ ಅಶ್ವಶಕ್ತಿ ಇಂಜಿನ್ನಿನದು. ಡೈನಮೋಮೀಟರಿನ ಉರುಳೆಗಳು ಅಳೆಯುವುದು ಗಾಲಿಗೆ ಮುಟ್ಟಿದುದನ್ನು ಮಾತ್ರ. ಉಳಿದುದು ಗೇರುಗಳ ಘರ್ಷಣೆಯಲ್ಲಿ, ಎಣ್ಣೆ ಕಡೆಯುವುದರಲ್ಲಿ, ಟಯರುಗಳಲ್ಲಿ ಶಾಖವಾಗಿ ಹೋಗುತ್ತದೆ. ಇದನ್ನರಿಯದೆ, ಗಾಲಿಯ ಅಂಕ ಕಡಿಮೆಯೆಂದು ಸುಸ್ಥಿತಿಯ ಇಂಜಿನ್ನನ್ನು ಬಿಚ್ಚಿಸಿ ಹಣ ಕಳೆದುಕೊಂಡವರುಂಟು.

ನಷ್ಟ ಶೇಕಡಾ 15 ಎಂಬುದು ರೂಢಿಯ ಮಾತು. ಗಾಲಿಯಲ್ಲಿ 80 ದೊರೆತರೆ 12 ಕೂಡಿಸಿ 92 ಎನ್ನುವರು. ನಮ್ಮ ಶಾಲೆಯ ಗಣಿತದ ತರಗತಿಯಲ್ಲಿ ಕುಳಿತವರು ಇದನ್ನೊಪ್ಪಲಾರರು. ಆ ಶೇಕಡಾ 15 ಇಂಜಿನ್ನಿನ ಮೊತ್ತದ್ದು, 80ನ್ನು 0.85ರಿಂದ ಭಾಗಿಸಿದರೆ ಸುಮಾರು 94.

ಆದರೆ ಶೇಕಡಾವಾರು ಲೆಕ್ಕವೇ ಸಂಶಯಾಸ್ಪದ. ಕಪಿಲೆಯ ಬರಿಚೀಲವನ್ನೆತ್ತಲೂ ರಾಟೆಗೆ ಅದರ ಪಾಲು ಸಲ್ಲಬೇಕಷ್ಟೆ! ಹಾಗೆಯೇ ನಷ್ಟದ ಬಹುಪಾಲು ಹೊರೆಯನ್ನಲ್ಲ, ವೇಗವನ್ನು ಅವಲಂಬಿಸಿದೆ. ಅದನ್ನರಿಯಲು, ಅಳತೆ ಮುಗಿದೊಡನೆ ಗೇರು ತೆಗೆಯದೆ ಕ್ಲಚ್ ಒತ್ತಿ, ಉರುಳೆಗಳು ತಾವಾಗಿ ನಿಧಾನಿಸುವಂತೆ ಬಿಡುವರು. ಅವುಗಳ ಜಡತ್ವ, ವೇಗ, ವೇಗವಿಳಿದ ಪ್ರಮಾಣ ಇವುಗಳಿಂದ ನಷ್ಟ ತಿಳಿಯುತ್ತದೆ. ಅದು 9 ಆದರೆ ಇಂಜಿನ್ನಿನದು 89. ಹೊರೆಯೊಡನೆ ಹೆಚ್ಚುವ ಹಲ್ಲುಗಳ ಘರ್ಷಣೆ ಇದರಲ್ಲಿ ಸಿಕ್ಕದಾದುದರಿಂದ ನಿಜಸಂಖ್ಯೆ ತುಸು ಮೇಲೆ.

ಚಳಿಗಾಲದ ಮುಂಜಾನೆ ನಾರಾಯಣಪೇಟೆಯಲ್ಲಿ ಆಗತಾನೇ ಚಾಲೂ ಮಾಡಿದ ಗಾಡಿಯಲ್ಲಿ ಎಣ್ಣೆ ಮಂದ, ನಷ್ಟ ಹೆಚ್ಚು. ಅದೇ ಗಾಡಿ ಮಕ್ತಲ್ ಹಾದು, ಕೃಷ್ಣೆಯನ್ನು ದಾಟಿ ಗದ್ವಾಲ ಮುಟ್ಟುವಷ್ಟರಲ್ಲಿ ನಷ್ಟ ಇಳಿದಿರುತ್ತದೆ. ಎರಡು ದಿನಗಳ ಅಳತೆಯನ್ನು ಹೋಲಿಸುವವರು ಗೇರುಪೆಟ್ಟಿಗೆಯನ್ನು ಒಂದೇ ಹದಕ್ಕೆ ಕಾಯಿಸಿಕೊಳ್ಳತಕ್ಕದ್ದು.